ಎರಡು ತಿಂಗಳಲ್ಲಿ ಮುಗಿಯುವ ಪ್ರಶ್ನೆ

ಐಸಿಎಂಆರ್‌ನವರು, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು, ವಿದ್ಯಾರ್ಥಿಗಳ ಎರಡು ತಿಂಗಳ ಸಂಶೋಧನೆಗೆ ಅರ್ಜಿ ಕರೆದರು ಅಂದರೆ ಸಾಕು, ನನ್ನ ಕೋಣೆಯ ಬಾಗಿಲಲ್ಲಿ ನಾಲ್ಕೈದು ಮಕ್ಕಳು ನಿಂತಿರುತ್ತಾರೆ. ಕೈಯಲ್ಲೊಂದು ಹಾಳೆ, ಅದರ ಮೇಲೊಂದು ಶೀರ್ಷಿಕೆ. "ಮೇಡಂ, ಇದು ಆಗುತ್ತಾ ನೋಡಿ." ಹೋದ ಸಲ ಮುಳಬಾಗಿಲು ಕಡೆಯ ಹುಡುಗಿಯೊಬ್ಬಳು ಬಂದಳು. ಎಂಬಿಬಿಎಸ್ ಎರಡನೇ ವರ್ಷ. ಅವಳ ಶೀರ್ಷಿಕೆ: ‘ಕೋಲಾರ ಜಿಲ್ಲೆಯ ಮಕ್ಕಳಲ್ಲಿ ಫ್ಲೋರೋಸಿಸ್’. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿನಲ್ಲಿ ಕಲೆ ಬರುತ್ತದಲ್ಲ, ಅದು. ವಿಷಯ ಒಳ್ಳೆಯದೇ. ನಮ್ಮ ಬೋರ್‌ವೆಲ್ ನೀರಿನ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಜಿಲ್ಲೆ ಅಂದರೆ ಆರು ತಾಲ್ಲೂಕು. ಅವಳಿಗೆ ಇರುವುದು ಎರಡು ತಿಂಗಳು, ಅದೂ ಕ್ಲಾಸು, ಇಂಟರ್ನಲ್ಸ್‌ಗಳ ಮಧ್ಯೆ.

ಎಸ್‌ಟಿಎಸ್, ಅಂದರೆ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್, 1979ರಲ್ಲಿ ಶುರುವಾದದ್ದು. ಎಂಬಿಬಿಎಸ್, ಬಿಡಿಎಸ್ ಓದುತ್ತಿರುವಾಗಲೇ ಮಕ್ಕಳಿಗೆ ಸಂಶೋಧನೆಯ ರುಚಿ ಹತ್ತಲಿ ಅಂತ. ಕೆಲಸ ವಿದ್ಯಾರ್ಥಿಯದು, ನಾವು ಬರೀ ಗೈಡ್. ದುಡ್ಡು ಕೈಗೆ ಬರುವುದು ವರದಿ ಒಪ್ಪಿಗೆಯಾದ ಮೇಲೆ. ಅಲ್ಲಿವರೆಗೆ ಆಟೋ, ಜೆರಾಕ್ಸ್ ಎಲ್ಲ ಕೈಯಿಂದಲೇ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಬಿಎಸ್ಸಿ ಮಕ್ಕಳ ದಾರಿ ಬೇರೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗ್‌ರಾಜ್‌ನ ನಾಸಿ, ಈ ಮೂರೂ ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದ್ದೂ ಒಂದಿದೆ. ಅಲ್ಲಿ ಪ್ರಶ್ನೆ ಸಾಮಾನ್ಯವಾಗಿ ಲ್ಯಾಬಿನದು, ನೀವು ಹೋಗಿ ಸೇರಿಕೊಳ್ಳುತ್ತೀರಿ. ಅರ್ಜಿಯಲ್ಲಿ ‘ಚಿಕ್ಕಂದಿನಿಂದ ವಿಜ್ಞಾನ ಅಂದರೆ ಇಷ್ಟ’ ಅಂತ ಬರೆಯಬೇಡಿ, ಎಲ್ಲರೂ ಬರೆಯುವುದು ಅದನ್ನೇ. ಶಿಫಾರಸು ಪತ್ರವನ್ನು ಪ್ರಿನ್ಸಿಪಾಲರಿಗಿಂತ ನಿಮ್ಮ ಪ್ರಾಕ್ಟಿಕಲ್ ನೋಡಿದ ಮೇಷ್ಟ್ರ ಹತ್ತಿರ ಕೇಳಿ.

ಆ ಹುಡುಗಿಯ ವಿಷಯಕ್ಕೆ ಬರೋಣ. ಎಷ್ಟು ಮಕ್ಕಳನ್ನು ನೋಡಬೇಕು ಅನ್ನುವ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿದೆ. ನೂರಕ್ಕೆ 50 ಮಕ್ಕಳ ಹಲ್ಲಿನಲ್ಲಿ ಕಲೆ ಇರಬಹುದು ಅಂತ ಅಂದಾಜು ಇಟ್ಟುಕೊಳ್ಳಿ. ಸೂತ್ರದಲ್ಲಿರುವ 4ನ್ನು 50ರಿಂದ, ಮತ್ತೆ ಉಳಿದ 50ರಿಂದ ಗುಣಿಸಿದರೆ 10,000. ಇದನ್ನು ನಾವು ಒಪ್ಪುವ ತಪ್ಪಿನ ವರ್ಗದಿಂದ, ಅಂದರೆ ಅದನ್ನು ಅದರಿಂದಲೇ ಗುಣಿಸಿ ಬಂದದ್ದರಿಂದ, ಭಾಗಿಸಬೇಕು. 5 ಅಂಕ ಆಚೀಚೆ ಆದರೂ ಪರವಾಗಿಲ್ಲ ಅಂದರೆ 400 ಮಕ್ಕಳು ಬೇಕು. 10 ಅಂಕ ಅಂದರೆ 100 ಸಾಕು. ಶಾಲೆ ಶಾಲೆಯಾಗಿ ಆರಿಸಿಕೊಂಡರೆ ಇನ್ನೂ ಜಾಸ್ತಿ ಬೇಕಾಗುತ್ತದೆ, ಅದು ಬೇರೆ ಮಾತು. ಲೆಕ್ಕ ಮುಗಿಯುವಷ್ಟರಲ್ಲಿ ಜಿಲ್ಲೆ ಹೋಗಿ ತಾಲ್ಲೂಕಾಯಿತು, ತಾಲ್ಲೂಕು ಹೋಗಿ ಮೂರು ಶಾಲೆಯಾಯಿತು. ಮಕ್ಕಳ ವಯಸ್ಸು 12. ಹಲ್ಲಿನ ಸಮೀಕ್ಷೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಯಸ್ಸುಗಳಲ್ಲಿ ಅದೂ ಒಂದು. ಅವಳ ಮುಖ ಸ್ವಲ್ಪ ಸಪ್ಪಗಾಯಿತು. "ಇಷ್ಟೇನಾ ಮೇಡಂ?" ಅಂದಳು.

ಇಷ್ಟೇ ಅಂದುಕೊಂಡದ್ದರಲ್ಲೇ ಒಂದು ಗಂಟು ಇತ್ತು. ಅವಳ ಯೋಜನೆ ಹೀಗೆ: ಮಗುವಿನ ಹಲ್ಲು ನೋಡುವುದು, ಅದೇ ದಿನ ಆ ಊರಿನ ನೀರು ತಂದು ಫ್ಲೋರೈಡ್ ಅಳೆಯುವುದು, ಎರಡನ್ನೂ ಹೋಲಿಸುವುದು. ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5 ಅಂತೆಲ್ಲ ಓದಿಕೊಂಡು ಬಂದಿದ್ದಳು. ಸರಿಯಾಗೇ ಕಾಣುತ್ತೆ, ಅಲ್ವಾ? ಆದರೆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕಟ್ಟಿಕೊಳ್ಳುವುದು ಸುಮಾರು ಎಂಟು ವರ್ಷದೊಳಗೆ, ಹಲ್ಲು ವಸಡಿನ ಒಳಗಿರುವಾಗ. ಆಮೇಲೆ ಕುಡಿದ ನೀರಿಂದ ಈ ಕಲೆ ಬರುವುದಿಲ್ಲ. ಹನ್ನೆರಡರ ಮಗುವಿನ ಹಲ್ಲು ಹೇಳುವುದು ಹಳೆಯ ನೀರಿನ ಕಥೆ. ಈ ನಡುವೆ ಊರಿಗೆ ಶುದ್ಧ ನೀರಿನ ಘಟಕ ಬಂದಿರಬಹುದು. ಮಗು ಅಜ್ಜಿ ಮನೆಯಲ್ಲಿ ಬೆಳೆದಿರಬಹುದು. ಇವತ್ತಿನ ಕ್ಯಾನ್ ನೀರು ಅಳೆದು ‘ಸಂಬಂಧವೇ ಇಲ್ಲ’ ಅಂತ ಬರೆದಿದ್ದರೆ ತಪ್ಪು ಬರೆದಂತಾಗುತ್ತಿತ್ತು.

ಹಾಗಾಗಿ ಪ್ರಶ್ನಾವಳಿಗೆ ಎರಡು ಸಾಲು ಸೇರಿದವು: ಎಂಟು ವರ್ಷದವರೆಗೆ ಮಗು ಯಾವ ಊರಲ್ಲಿತ್ತು? ಆಗ ಕುಡಿಯಲು ಯಾವ ನೀರು? ನನ್ನ ಕೇಳಿದರೆ ಆ ಪ್ರಾಜೆಕ್ಟಿನ ಜೀವ ಇದ್ದದ್ದು ಅವೆರಡರಲ್ಲೇ.

ಇನ್ನು ಎಥಿಕ್ಸ್ ಕಮಿಟಿ, ಜನರ ಮೇಲಿನ ಅಧ್ಯಯನಕ್ಕೆ ಮೊದಲು ಒಪ್ಪಿಗೆ ಕೊಡಬೇಕಾದ ಸಮಿತಿ. ಅದರ ಸಭೆ ನಿಮ್ಮ ಅನುಕೂಲ ನೋಡಿ ನಡೆಯುವುದಿಲ್ಲ. ಒಂದು ವರ್ಷ ನಾನೇ ಫೈಲು ಕೊಡುವುದು ತಡ ಮಾಡಿದೆ, ಸಭೆ ತಪ್ಪಿತು. ಆ ಹುಡುಗನಿಗೆ ಉಳಿದದ್ದು ಐದು ವಾರ. ಈಗಲೂ ಸಿಕ್ಕರೆ ನಗುತ್ತಾನೆ, ನನಗೆ ನಗು ಬರುವುದಿಲ್ಲ.

ಮಕ್ಕಳ ಮೇಲಿನ ಅಧ್ಯಯನ ಅಂದರೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಇವಳು ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ತಂದಿದ್ದಳು. ಆದರೆ ಎಂಥ ಕನ್ನಡ! ‘ಸ್ವಇಚ್ಛೆಯಿಂದ ಸಮ್ಮತಿಸಿರುತ್ತೇನೆ’ ಅನ್ನುವ ಥರದ್ದು. ಆ ಶಾಲೆಗಳ ಸುತ್ತ ಮನೆಮಾತು ಹೆಚ್ಚಾಗಿ ತೆಲುಗು, ಅವಳ ಮನೆಯಲ್ಲೂ ಅದೇ. ಸುಮ್ನೆ ಒಂದು ಸಲ ನಿಮ್ಮ ಅಜ್ಜಿಗೆ ಓದಿ ಹೇಳಿ ಬಾ ಅಂದೆ.

ಸೋಮವಾರ ಬಂದವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಸಾಲ ಎಷ್ಟು ತಗೊಂಡೆ? ಹೆಬ್ಬೆಟ್ಟು ಎಲ್ಲಿ ಒತ್ತಬೇಕು?" ಅಂದರಂತೆ. ಹೊಸ ಪತ್ರವನ್ನು ಅವಳು ಅಜ್ಜಿಯ ಪಕ್ಕದಲ್ಲೇ ಕೂತು ಬರೆದಿದ್ದಳು. ಮಾತು ತೆಲುಗು, ಅಕ್ಷರ ಕನ್ನಡ.