27 ನಿಮಿಷದ ಓಟಗಾರ 29 ನಿಮಿಷದ ಓಟದಲ್ಲಿ ಸೋತದ್ದು ಹೇಗೆ?

ಪ್ರಶ್ನೆ: ನಮ್ಮ ಭಾರತದ ಓಟಗಾರ ಗುಲ್ವೀರ್ ಸಿಂಗ್ 10,000 ಮೀಟರನ್ನು 27 ನಿಮಿಷದಲ್ಲಿ ಓಡಿದವರು. ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದವರಿಗೆ ಹತ್ತಿರಹತ್ತಿರ 29 ನಿಮಿಷ ಹಿಡಿಯಿತು. ತಮ್ಮ ಪಾಡಿಗೆ ಓಡಿದ್ದರೂ ಗುಲ್ವೀರ್ ಗೆಲ್ಲುತ್ತಿದ್ದರಲ್ಲವೇ?

ಗೆಲ್ಲುತ್ತಿರಲಿಲ್ಲ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ತೋಟದ ಬೇಲಿಯಾಚೆಯಿಂದ ಈ ಪ್ರಶ್ನೆಗೆ ಉತ್ತರ ಕೊಟ್ಟು ನನಗೆ ಸಾಕಾಗಿದೆ. ಈ ಸಲ ಬರೆದೇ ಇಡುತ್ತೇನೆ.

ಅಂಕಿಗಳು ಸರಿಯಾಗಿವೆ. ಗುಲ್ವೀರ್ 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಓಡಿದ್ದು 27:00.22ರಲ್ಲಿ. ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಫ್ರಾನ್ಸಿನ ಜಿಮ್ಮಿ ಗ್ರೆಸಿಯೆ ಗೆದ್ದದ್ದು 28:55.77ರಲ್ಲಿ; ಗುಲ್ವೀರ್ 16ನೆಯವರಾದರು. ತಪ್ಪಿರುವುದು ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕ. ಅದೇ ಲೆಕ್ಕ ಹಿಡಿದರೆ ಚಿನ್ನ ಇಥಿಯೋಪಿಯದ ಯೋಮಿಫ್ ಕೆಜೆಲ್ಚಾಗೆ ಸೇರಬೇಕಿತ್ತು. 26:31ರಲ್ಲಿ ಓಡಿದ್ದ ಅವರು ಟೋಕಿಯೊದಲ್ಲಿ ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಅಂತರದಿಂದ ಸೋತರು. ಅಂಥವರು ‘ತಮ್ಮ ಪಾಡಿಗೆ’ ಏಕೆ ಓಡಲಿಲ್ಲ ಎಂದು ಯಾರೂ ನನ್ನನ್ನು ಕೇಳುವುದಿಲ್ಲ!

ದಾಖಲೆಗಾಗಿ ನಡೆಯುವ ಓಟವೇ ಬೇರೆ. ಅಲ್ಲಿ ವೇಗ ಕಾಯ್ದುಕೊಡಲೆಂದೇ ಕೆಲವರು ಮುಂದೆ ಓಡಿ, ಅರ್ಧದಲ್ಲಿ ಪಕ್ಕಕ್ಕೆ ಸರಿಯುತ್ತಾರೆ. 2020ರಲ್ಲಿ ವೆಲೆನ್ಸಿಯಾದಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ 26:11.00ರ ವಿಶ್ವದಾಖಲೆ ಮಾಡಿದಾಗ ಟ್ರ್ಯಾಕಿನ ಅಂಚಿನಲ್ಲಿ ದೀಪಗಳೂ ಅದೇ ವೇಗದಲ್ಲಿ ಸಾಗುತ್ತಿದ್ದವು. ಚಾಂಪಿಯನ್‌ಷಿಪ್‌ನಲ್ಲಿ ವೇಗ ಕಾಯುವವರಿಲ್ಲ. 25 ಸುತ್ತು ಮುಂದೆ ಓಡುವವನೇ ಗಾಳಿ ಸೀಳಬೇಕು, ಹಿಂದಿರುವವರೆಲ್ಲ ಅವನ ಮರೆಯಲ್ಲಿ ಉಸಿರು ಉಳಿಸಿಕೊಳ್ಳುತ್ತಾರೆ. ಹಾಗಾಗಿ ಮುಂದೆ ಹೋಗಲು ಯಾರೂ ಒಪ್ಪದಿದ್ದರೆ ಓಟ ನಿಧಾನವಾಗಿ, ಕೊನೆಯ ಸುತ್ತಿನಲ್ಲಿ ತೀರ್ಮಾನವಾಗುತ್ತದೆ. ಶಾಲೆಯಲ್ಲಿ ನಾನು ಓಟ ಕಲಿಸುವ ಹುಡುಗರಿಗೆ ಇದನ್ನು ಬಾಯಲ್ಲಿ ಹೇಳುವುದಿಲ್ಲ. ಗಾಳಿ ಬೀಸುವ ಸಂಜೆ ನೋಡಿ ಇಬ್ಬರನ್ನು ಮೈದಾನಕ್ಕೆ ಇಳಿಸುತ್ತೇನೆ; ಐದು ಸುತ್ತು ಒಬ್ಬ ಮುಂದೆ, ಐದು ಸುತ್ತು ಇನ್ನೊಬ್ಬ. ಯಾವುದು ಕಷ್ಟವಾಯಿತು ಎಂಬುದಕ್ಕೆ ಇದುವರೆಗೆ ಒಬ್ಬನೂ ತಪ್ಪು ಉತ್ತರ ಕೊಟ್ಟಿಲ್ಲ.

ಜೊತೆಗೆ ಅಂದು ಟೋಕಿಯೊದ ಸೆಕೆ. ಆಷಾಢದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದಿರುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿಯಲ್ಲಿ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅಲ್ಲಿ ಒಂಟಿಯಾಗಿ 27 ನಿಮಿಷದ ವೇಗಕ್ಕೆ ಹೊರಟವನು ಮುಗಿಸುವುದೇ ಸಂಶಯ.

‘ಎಲ್ಲರೂ ವೇಗವಾಗಿ ಓಡಿದ ಫೈನಲ್‌ಗಳೂ ಇವೆಯಲ್ಲ’ ಎನ್ನುತ್ತೀರಿ. ಇವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಮೂವರು ಸೇರಿ ವೇಗ ಏರಿಸಿದರು. ಸಮಯ 26:43.14, ಒಲಿಂಪಿಕ್ ದಾಖಲೆ. ಚಿನ್ನ ಮಾತ್ರ ಅವರಿಗಲ್ಲ, ಕಾದು ಕುಳಿತಿದ್ದ ಚೆಪ್ಟೆಗೈಗೆ. 24 ಸುತ್ತು ದಣಿದ ಕಾಲಿನಲ್ಲಿ ಕೊನೆಯ 400 ಮೀಟರನ್ನು ಒಂದು ನಿಮಿಷದೊಳಗೆ ಮುಗಿಸುವುದು ಬೇರೆಯೇ ವಿದ್ಯೆ. ನಮ್ಮ ಓಟಗಾರರು ಕಲಿಯಬೇಕಾದದ್ದು ಅದನ್ನು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ‘ಗುಡ್ಡ ಹತ್ತಿ ಬೆಳೆದ ಮಲೆನಾಡಿನ ಮಕ್ಕಳು ಕೀನ್ಯಾದವರಂತೆ ಓಡಬೇಕಿತ್ತು’ ಎಂದು ಹಿರಿಯರು ಹೇಳುವುದುಂಟು. ಕೀನ್ಯಾದ ಓಟಗಾರರ ಊರು ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಗೆ ಒಗ್ಗಿದ ಮೈಯಲ್ಲಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ನಮ್ಮ ಕೊಡಚಾದ್ರಿಯ ತುದಿಯೇ 1,343 ಮೀಟರ್. ಶಿವಮೊಗ್ಗ ನಗರ 600ನ್ನೂ ಮುಟ್ಟುವುದಿಲ್ಲ. ಎತ್ತರದ ಲಾಭ ನಮಗಿಲ್ಲ. ಏರಿನ ಲಾಭವಿದೆ, ಮತ್ತು ಅದು ಕಡಿಮೆಯದಲ್ಲ: ಕೊನೆಯ ಸುತ್ತಿನ ಬಲ ತೊಡೆಗೆ ಬರುವುದು ಏರಿನಲ್ಲೇ. ಶಾಲೆಯ ಹಿಂದಿನ ಗುಡ್ಡದಲ್ಲಿ 200 ಮೀಟರ್ ಏರನ್ನು ವಾರಕ್ಕೆರಡು ದಿನ ಹತ್ತು ಬಾರಿ ಓಡಿಸಿ ಹತ್ತಿಸುತ್ತೇನೆ, ನಡೆಸಿ ಇಳಿಸುತ್ತೇನೆ. ಮಳೆಗಾಲದಲ್ಲಿ ಜಂಬಿಟ್ಟಿಗೆಯ ಮೇಲೆ ಪಾಚಿ ಕಟ್ಟಿ ಕಾಲು ಜಾರುವುದರಿಂದ ಆ ನಾಲ್ಕು ತಿಂಗಳು ಡಾಂಬರು ರಸ್ತೆಯ ಏರಿಗೆ ಹೋಗುತ್ತೇವೆ.