ನ್ಯಾನೋ ತಂತ್ರಜ್ಞಾನ ಒಂದು ಊರಲ್ಲಿ ಬೇರೂರುವುದು ಹೇಗೆ? – ಅಧ್ಯಯನ ಟಿಪ್ಪಣಿ

ನ್ಯಾನೋ ಸಂಶೋಧನೆಗೆ ದೇಶದ ಸರ್ಕಾರವೇ ಹಣ ಕೊಡುತ್ತದೆ. ಹಾಗಿದ್ದ ಮೇಲೆ ರಾಜ್ಯಗಳು, ನಗರಗಳು ತಮ್ಮದೇ ಯೋಜನೆ ಯಾಕೆ ಹಾಕಿಕೊಳ್ಳಬೇಕು? ಈ ವಿಷಯ ಓದುವಾಗ ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ ಇದು. ಕ್ಲೀನ್‌ರೂಮ್, ಅಂದರೆ ಗಾಳಿ ಸೋಸಿ ಧೂಳಿಲ್ಲದ ಹಾಗೆ ಇಡುವ ಲ್ಯಾಬ್ ಕೋಣೆ, ಅದರ ಒಳಗೆ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದ ಮೇಲೆ ಉತ್ತರ ತಾನಾಗಿಯೇ ಸಿಕ್ಕಿತು. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿದಿದೆ, ಹಾಗಾಗಿ ಹೋಲಿಸಿ ನೋಡಲು ಸುಲಭ.

ನ್ಯಾನೋ ಅಂದರೆ ಸುಮಾರು 1ರಿಂದ 100 ನ್ಯಾನೋಮೀಟರ್ ಅಳತೆಯ ಕೆಲಸ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪವೇ 80,000 ನ್ಯಾನೋಮೀಟರ್ ಆಸುಪಾಸು. ಇಂಥ ಕಡೆ ಒಂದು ಧೂಳಿನ ಕಣ ಬಿದ್ದರೆ ಬಂಡೆ ಬಿದ್ದ ಹಾಗೆ. ಕ್ಲಾಸ್ 100 ದರ್ಜೆಯ ಕ್ಲೀನ್‌ರೂಮಿನಲ್ಲಿ ಒಂದು ಘನ ಅಡಿ ಗಾಳಿಗೆ 0.5 ಮೈಕ್ರೋಮೀಟರ್ (500 ನ್ಯಾನೋಮೀಟರ್) ಅಥವಾ ಅದಕ್ಕಿಂತ ದೊಡ್ಡ ಕಣಗಳು ನೂರು ದಾಟುವ ಹಾಗಿಲ್ಲ. ಒಳಗೆ ಹೋಗುವವರು ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್, ಮೈತುಂಬ ಕವರಾಲ್, ಕಾಲಿಗೆ ಬೂಟು, ಕೈಗೆ ಗ್ಲೌಸ್ ಹಾಕಿಕೊಂಡೇ ಹೋಗಬೇಕು. ಮಾಮೂಲಿ ನೋಟ್‌ಬುಕ್ ಒಯ್ಯುವಂತಿಲ್ಲ, ಕಾಗದದ ನಾರು ಉದುರುತ್ತದೆ. ಪೆನ್ಸಿಲ್ಲೂ ಬೇಡ, ಅದರ ಪುಡಿ ಬೀಳುತ್ತದೆ. ಫೋಟೊಲಿಥೋಗ್ರಫಿ, ಅಂದರೆ ಬೆಳಕಿನಿಂದ ಸೂಕ್ಷ್ಮ ವಿನ್ಯಾಸ ಮೂಡಿಸುವ ಕೆಲಸ ನಡೆಯುವ ಕಡೆ ದೀಪವೂ ಹಳದಿ, ಯಾಕೆಂದರೆ ನೀಲಿ ಬೆಳಕು ತಾಗಿದರೆ ಆ ಕೆಲಸಕ್ಕೆ ಹಚ್ಚುವ ಬೆಳಕಿಗೆ ಸ್ಪಂದಿಸುವ ಲೇಪ (ಫೋಟೊರೆಸಿಸ್ಟ್) ಹಾಳಾಗುತ್ತದೆ. ಯಾರೂ ಇಲ್ಲದ ರಾತ್ರಿಯಲ್ಲೂ ಗಾಳಿ ಸೋಸುವ ಫ್ಯಾನುಗಳು ತಿರುಗುತ್ತಲೇ ಇರುತ್ತವೆ. ಕರೆಂಟ್ ಬಿಲ್ಲಿಗೆ ರಜೆ ಅನ್ನುವುದೇ ಇಲ್ಲ.

ಮೂರ್ನಾಲ್ಕು ಜನರ ಒಂದು ಸಣ್ಣ ಕಂಪನಿ ಇದನ್ನೆಲ್ಲ ಸ್ವಂತಕ್ಕೆ ಕಟ್ಟಿಕೊಳ್ಳಲು ಆಗುತ್ತದಾ? ಖಂಡಿತ ಇಲ್ಲ. ಎಲೆಕ್ಟ್ರಾನ್ ಕಿರಣದಿಂದ ಸೂಕ್ಷ್ಮ ವಿನ್ಯಾಸ ಬರೆಯುವ ಎಲೆಕ್ಟ್ರಾನ್ ಬೀಮ್ ಲಿಥೋಗ್ರಫಿ ಯಂತ್ರ ಅವರಿಗೆ ವಾರಕ್ಕೆ ನಾಲ್ಕು ಗಂಟೆ ಸಿಕ್ಕರೂ ಸಾಕಾಗಬಹುದು. ಆದರೆ ಆ ನಾಲ್ಕು ಗಂಟೆ ಹತ್ತಿರದಲ್ಲೇ ಸಿಗಬೇಕು. ನ್ಯಾನೋ ಕೆಲಸ ಮೊದಲ ಸಲಕ್ಕೇ ಸರಿಬರುವುದು ಅಪರೂಪ. ವಸ್ತುವಿನ ತೆಳು ಪದರ ಹಾಕಬೇಕು, ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಎಲ್ಲಿ ತಪ್ಪಿತು ಅಂತ ಹುಡುಕಬೇಕು, ತಾಪಮಾನ ಸ್ವಲ್ಪ ಬದಲಿಸಿ ಮತ್ತೆ ಹಾಕಬೇಕು. ಪ್ರತಿ ಸಲವೂ ವಿಮಾನ ಹತ್ತಬೇಕು ಅಂದರೆ ಹಣವೂ ಉಳಿಯುವುದಿಲ್ಲ, ಹುಮ್ಮಸ್ಸೂ ಉಳಿಯುವುದಿಲ್ಲ. ಸ್ಥಳೀಯ ಯೋಜನೆ ಬೇಕಾಗುವುದು ಈ ಕಾರಣಕ್ಕೆ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಯಂತ್ರಗಳನ್ನು ಹಂಚಿಕೊಂಡು ಬಳಸುವ ಪದ್ಧತಿ ಹಳೆಯದೇ. 1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಂಥ ಕೇಂದ್ರ ಶುರುವಾಯಿತು. 1994ರಲ್ಲಿ ಐದು ವಿಶ್ವವಿದ್ಯಾಲಯಗಳು ಸೇರಿ ಒಂದು ಜಾಲ ಕಟ್ಟಿದವು. 2015ರಲ್ಲಿ ಶುರುವಾದ, ಇಂಥ ಕೇಂದ್ರಗಳನ್ನು ದೇಶದ ಮಟ್ಟದಲ್ಲಿ ಜೋಡಿಸಿದ ಎನ್‌ಎನ್‌ಸಿಐ ಜಾಲದಲ್ಲಿ 16 ಕೇಂದ್ರಗಳಿದ್ದವು. ಹೊರಗಿನವರೂ ತರಬೇತಿ ಪಡೆದು, ಶುಲ್ಕ ಕಟ್ಟಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದು. ಇಲ್ಲಿ ನೀವು ಅಡಿಗೆರೆ ಎಳೆದುಕೊಳ್ಳಬೇಕಾದ ಮಾತೊಂದಿದೆ. ಇಂಥ ಕೇಂದ್ರದ ಜೀವಾಳ ಅಂದರೆ ಯಂತ್ರದ ಪಕ್ಕ ನಿಲ್ಲುವ ಸಿಬ್ಬಂದಿ. ಯಾವ ಪಂಪ್ ಯಾವಾಗ ಕೈಕೊಡುತ್ತದೆ, ಯಾವ ಗ್ಯಾಸ್ ಎಷ್ಟು ಬಿಟ್ಟರೆ ಪದರ ಸಮನಾಗಿ ಕೂರುತ್ತದೆ ಅನ್ನುವುದು ಅವರ ಕೈಗೇ ಗೊತ್ತು. ಕಟ್ಟಡಕ್ಕೆ ಹಣ ಸಿಗುವುದು ಸುಲಭ, ಉದ್ಘಾಟನೆಗೆ ಎಲ್ಲರೂ ಬರುತ್ತಾರೆ. ಇವರ ಸಂಬಳಕ್ಕೆ ವರ್ಷಾವರ್ಷ ಹಣ ಹೊಂದಿಸುವುದೇ ಕಷ್ಟ. ಯೋಜನೆ ಬರೆಯುವವರು ಮೊದಲ ಪುಟದಲ್ಲೇ ಇದಕ್ಕೆ ಉತ್ತರ ಬರೆದಿಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗ ಹಣದ ವಿಷಯ. ಅಮೆರಿಕದ ರಾಷ್ಟ್ರೀಯ ನ್ಯಾನೋ ಯೋಜನೆಯನ್ನು ಅಧ್ಯಕ್ಷ ಕ್ಲಿಂಟನ್ 2000ದ ಜನವರಿಯಲ್ಲಿ ಘೋಷಿಸಿದರು. 2003ರ ಡಿಸೆಂಬರಿನಲ್ಲಿ ಅದಕ್ಕೊಂದು ಕಾನೂನೂ ಬಂತು. ಆ ಹಣದ ದೊಡ್ಡ ಪಾಲು ಹೋಗುವುದು ಸಂಶೋಧನೆಗೆ. ಸಣ್ಣ ಕಂಪನಿಗಳ ಸಂಶೋಧನೆಗೆ 1982ರಲ್ಲಿ ಎಸ್‌ಬಿಐಆರ್ ಎಂಬ ಕೇಂದ್ರ ಸರ್ಕಾರದ ನೆರವು ಶುರುವಾಯಿತು. ಮೊದಲ ಹಂತದಲ್ಲಿ ವಿಚಾರ ನಡೆಯುತ್ತದಾ ಅಂತ ನೋಡುತ್ತಾರೆ, ಎರಡನೇ ಹಂತದಲ್ಲಿ ಮಾದರಿ ತಯಾರಾಗುತ್ತದೆ. ಮಾರುಕಟ್ಟೆಗೆ ಹೋಗುವ ಮೂರನೇ ಹಂತಕ್ಕೆ ಈ ನಿಧಿಯಿಂದ ಹಣ ಇಲ್ಲ. ಆ ಮಾದರಿ ಲ್ಯಾಬಿನಲ್ಲಿ ಕೆಲಸ ಮಾಡಿದೆ, ಆದರೆ ಬ್ಯಾಂಕಾಗಲಿ ಹೂಡಿಕೆದಾರರಾಗಲಿ ಇನ್ನೂ ನಂಬುತ್ತಿಲ್ಲ. ಈ ನಡುವಿನ ಹೊತ್ತಿಗೆ ‘ವ್ಯಾಲಿ ಆಫ್ ಡೆತ್’ (ಸಾವಿನ ಕಣಿವೆ) ಅಂತ ಹೆಸರು. ಎಷ್ಟೋ ಒಳ್ಳೆಯ ಕೆಲಸಗಳು ಇಲ್ಲೇ ನಿಂತುಬಿಡುತ್ತವೆ. ರಾಜ್ಯದ ಹಣ ನಿಜವಾಗಿ ಉಪಯೋಗಕ್ಕೆ ಬರುವ ಜಾಗವೂ ಇದೇ.

ಒರೆಗಾನ್ ರಾಜ್ಯ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು. ಅಲ್ಲಿನ ಒನಾಮಿ ಎಂಬ ಸಂಸ್ಥೆ ಒಂದೇ ಕಡೆ ದೊಡ್ಡ ಕ್ಯಾಂಪಸ್ ಕಟ್ಟುವ ಬದಲು ರಾಜ್ಯದ ವಿಶ್ವವಿದ್ಯಾಲಯಗಳ ಲ್ಯಾಬುಗಳನ್ನು ಒಂದಕ್ಕೊಂದು ಜೋಡಿಸಿತು. ಲ್ಯಾಬಿನಿಂದ ಹೊರಬರುವ ಸಣ್ಣ ಕಂಪನಿಗಳಿಗೆ ಆ ನಡುವಿನ ಹೊತ್ತಿನಲ್ಲಿ ಆಸರೆಯಾಗಲು ಒಂದು ನಿಧಿಯನ್ನೂ ಇಟ್ಟಿತು. ಯೂಜೀನ್ ನಗರದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ತೆರೆದ ಲೋಕಿ ಲ್ಯಾಬ್ ನೆಲದಡಿಯಲ್ಲಿದೆ, ಬಂಡೆಯ ಮೇಲೆ ಕೂತಿದೆ. ಇದು ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಪರಮಾಣುಗಳನ್ನು ನೋಡುವ ಮೈಕ್ರೋಸ್ಕೋಪಿಗೆ ರಸ್ತೆಯಲ್ಲಿ ಹೋಗುವ ಲಾರಿಯ ಅದುರು ತಾಗಿದರೂ ಚಿತ್ರ ಕೆಡುತ್ತದೆ. ಜಾಗ ಆರಿಸುವಾಗ ಮಣ್ಣು, ಬಂಡೆ, ರಸ್ತೆ ಎಲ್ಲ ನೋಡಬೇಕು ಅನ್ನುವುದು ನನಗೆ ಇಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಆಲ್ಬನಿಯದ್ದು ಇದಕ್ಕೆ ಪೂರ್ತಿ ಉಲ್ಟಾ, ಒಂದೇ ಕಡೆ ದೊಡ್ಡದಾಗಿ ಕಟ್ಟುವ ದಾರಿ. 2001ರಲ್ಲಿ ಅಲ್ಲಿನ ನ್ಯಾನೋಎಲೆಕ್ಟ್ರಾನಿಕ್ಸ್ ಕೇಂದ್ರಕ್ಕೆ ಕಂಪ್ಯೂಟರ್ ಕಂಪನಿ ಐಬಿಎಂ 10 ಕೋಟಿ ಡಾಲರ್, ರಾಜ್ಯ 5 ಕೋಟಿ ಡಾಲರ್ ಕೊಡುವುದಾಗಿ ಹೇಳಿದವು. ಮರುವರ್ಷ ಚಿಪ್ ಕಂಪನಿಗಳ ಒಕ್ಕೂಟವಾದ ಸೆಮಾಟೆಕ್ ಕೂಡ ಅಲ್ಲಿಗೆ ಕಾಲಿಟ್ಟಿತು. 2021ರಲ್ಲಿ ಐಬಿಎಂ ತೋರಿಸಿದ 2 ನ್ಯಾನೋಮೀಟರ್ ಚಿಪ್ ತಂತ್ರಜ್ಞಾನ ರೂಪುಗೊಂಡಿದ್ದೂ ಇಲ್ಲೇ. ಇಪ್ಪತ್ತು ವರ್ಷದ ಹಾದಿ ಅದು. ಇದನ್ನು ಓದಿ ನಾವೂ ಹೀಗೇ ಕಟ್ಟೋಣ ಅಂತ ಹೊರಡುವುದು ಅಪಾಯ. ಐಬಿಎಂ ಆ ರಾಜ್ಯದಲ್ಲಿ ದಶಕಗಳಿಂದ ಬೇರುಬಿಟ್ಟಿತ್ತು. ಅಂಥ ನೆಂಟರಿಲ್ಲದ ಊರು ಅಷ್ಟೇ ದೊಡ್ಡ ಕ್ಲೀನ್‌ರೂಮ್ ಕಟ್ಟಿದರೆ ಒಳಗೆ ಫ್ಯಾನು ಮಾತ್ರ ತಿರುಗುತ್ತಿರುತ್ತದೆ.

ಹಾಗಾದರೆ ಉಳಿದ ಊರುಗಳು ಏನು ಮಾಡಬೇಕು? ತಮ್ಮಲ್ಲಿ ಈಗಾಗಲೇ ಏನಿದೆ ಅಂತ ನೋಡಬೇಕು. ಓಹಾಯೋದ ಆಕ್ರನ್ ಒಂದು ಕಾಲದಲ್ಲಿ ಟೈರುಗಳ ಊರು. ಆ ರಬ್ಬರ್ ಜ್ಞಾನದಿಂದಲೇ ಅಲ್ಲಿನ ವಿಶ್ವವಿದ್ಯಾಲಯ ಪಾಲಿಮರ್ (ರಬ್ಬರ್, ಪ್ಲಾಸ್ಟಿಕ್‌ನಂಥ ಉದ್ದ ಸರಪಳಿ ಅಣುಗಳ ವಸ್ತು) ವಿಜ್ಞಾನದಲ್ಲಿ ಹೆಸರು ಮಾಡಿತು, ಪಾಲಿಮರಿನಿಂದ ನ್ಯಾನೋ ವಸ್ತುಗಳಿಗೆ ಒಂದೇ ಹೆಜ್ಜೆ. ಓಕ್ಲಹೋಮಾದ್ದು ತೈಲದ ಕಥೆ. ತೈಲ ಶುದ್ಧೀಕರಣದಲ್ಲಿ ಕ್ಯಾಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಇಲ್ಲದೆ ಕೆಲಸ ನಡೆಯುವುದಿಲ್ಲ. ಅದೇ ರಾಜ್ಯದ ನಾರ್ಮನ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಕೋಬಾಲ್ಟ್ ಮತ್ತು ಮಾಲಿಬ್ಡಿನಮ್ ಕ್ಯಾಟಲಿಸ್ಟ್ ಬಳಸಿ ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆ) ಬೆಳೆಸುವ ವಿಧಾನ ತಯಾರಾಯಿತು. 2001ರಲ್ಲಿ ಅದರ ಮೇಲೆ ಒಂದು ಕಂಪನಿಯೂ ಹುಟ್ಟಿತು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ 1984ರಲ್ಲಿ ಶುರುವಾದ ಐಮೆಕ್ ಎಂಬ ಚಿಪ್ ಸಂಶೋಧನಾ ಕೇಂದ್ರ ಕೂಡ ಪ್ರಾದೇಶಿಕ ಸರ್ಕಾರ ಹಣ ಹಾಕಿ ಬೆಳೆಸಿದ್ದು. ಆ ದೇಶದ ಫ್ಲಾಂಡರ್ಸ್ ಪ್ರದೇಶದ ಸರ್ಕಾರ ಅಷ್ಟು ವರ್ಷ ಕೈಬಿಡದೆ ನಿಂತಿದ್ದನ್ನು ಮೆಚ್ಚಲೇಬೇಕು.

ಕೆಲಸಗಾರರ ತರಬೇತಿಗೆ ನನಗೆ ತುಂಬಾ ಇಷ್ಟವಾದ ಮಾದರಿ ಪೆನ್ಸಿಲ್ವೇನಿಯಾದ್ದು. ಎರಡು ವರ್ಷದ ಕೋರ್ಸ್ ನಡೆಸುವ ಸಣ್ಣ ಕಾಲೇಜುಗಳು ಕ್ಲೀನ್‌ರೂಮ್ ಎಲ್ಲಿಂದ ತರಬೇಕು? 1998ರಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಒಂದು ದಾರಿ ಮಾಡಿಕೊಟ್ಟಿತು. ವಿದ್ಯಾರ್ಥಿ ತನ್ನ ಕಾಲೇಜಿನಲ್ಲೇ ಮೂಲ ವಿಷಯ ಓದುತ್ತಾನೆ. ಒಂದು ಸೆಮಿಸ್ಟರ್ ಮಾತ್ರ ಪೆನ್ ಸ್ಟೇಟಿಗೆ ಬಂದು 18 ಕ್ರೆಡಿಟ್‌ಗಳ ಕೋರ್ಸನ್ನು ಅಲ್ಲಿನ ಯಂತ್ರಗಳ ಮೇಲೆ ಕಲಿಯುತ್ತಾನೆ. ಎಲ್ಲ ಕಾಲೇಜಿಗೂ ಯಂತ್ರ ಕೊಳ್ಳುವ ಬದಲು ವಿದ್ಯಾರ್ಥಿಯನ್ನೇ ಯಂತ್ರದ ಹತ್ತಿರ ಕರೆತಂದರು. ಡಾಕ್ಟರೇಟ್ ಇಲ್ಲದವರಿಗೂ ಈ ಕ್ಷೇತ್ರದಲ್ಲಿ ಮರ್ಯಾದೆಯ ಕೆಲಸ ಇದೆ ಅನ್ನುವುದನ್ನು ಇದು ತೋರಿಸಿತು. ಅದೇ ದೊಡ್ಡ ವಿಷಯ ಅಲ್ವಾ?

ಕೊನೆಗೆ ಸುರಕ್ಷತೆ. ಇದು ಸ್ಥಳೀಯ ಆಡಳಿತದ ಕೈಯಲ್ಲೇ ಇರುವ ಕೆಲಸ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ನಗರ 2006ರ ಡಿಸೆಂಬರಿನಲ್ಲಿ ಒಂದು ನಿಯಮ ತಂದಿತು. ನ್ಯಾನೋ ಕಣ ತಯಾರಿಸುವವರು ಅಥವಾ ಬಳಸುವವರು ಅದರ ವಿಷಗುಣದ ಬಗ್ಗೆ ಗೊತ್ತಿರುವುದನ್ನು, ಅದನ್ನು ಹೇಗೆ ಇಡುತ್ತಾರೆ, ಹೇಗೆ ವಿಲೇವಾರಿ ಮಾಡುತ್ತಾರೆ ಅನ್ನುವುದನ್ನು ಬರೆದು ಕೊಡಬೇಕು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ನಗರವೂ ಇಂಥ ನಿಯಮ ಬೇಕಾ ಅಂತ ಯೋಚಿಸಿತು. ಅದೇ ಊರು 1977ರಲ್ಲಿ ಡಿಎನ್‌ಎ ಮರುಜೋಡಣೆ (ಬೇರೆ ಬೇರೆ ಜೀವಿಗಳ ಡಿಎನ್‌ಎ ತುಂಡುಗಳನ್ನು ಸೇರಿಸುವ) ಸಂಶೋಧನೆಗೆ ಕಟ್ಟುನಿಟ್ಟಿನ ನಿಯಮ ಮಾಡಿತ್ತು. ಆದರೂ ಜೈವಿಕ ತಂತ್ರಜ್ಞಾನದ ಕಂಪನಿಗಳು ಓಡಿಹೋಗಲಿಲ್ಲ, ಅಲ್ಲೇ ಬೆಳೆದವು. ನಿಯಮ ಸ್ಪಷ್ಟವಾಗಿದ್ದರೆ ಉದ್ಯಮಕ್ಕೂ ಧೈರ್ಯ ಬರುತ್ತದೆ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ನ್ಯಾನೋ ವಿಷಯದಲ್ಲಿ ಮಾತ್ರ 2008ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಹೊಸ ಕಾನೂನು ಸದ್ಯಕ್ಕೆ ಬೇಡ ಅಂದಿತು. ಅದರ ಬದಲು ಊರಿನ ಯಾವ ಯಾವ ಲ್ಯಾಬಿನಲ್ಲಿ ಇಂಥ ವಸ್ತುಗಳಿವೆ ಅಂತ ಅಗ್ನಿಶಾಮಕ ದಳದ ಜೊತೆ ಸೇರಿ ಪಟ್ಟಿ ಮಾಡಿ ಅಂತ ಸಲಹೆ ಕೊಟ್ಟಿತು. ಸಣ್ಣ ಸಲಹೆ ಅನಿಸಬಹುದು. ಆದರೆ ಒಂದು ರಾತ್ರಿ ಲ್ಯಾಬಿಗೆ ಬೆಂಕಿ ಬಿದ್ದರೆ, ಬಾಗಿಲು ಒಡೆದು ಒಳನುಗ್ಗುವವರಿಗೆ ಒಳಗೆ ಯಾವ ಪುಡಿ ಇದೆ ಅಂತ ಮೊದಲೇ ಗೊತ್ತಿರುತ್ತದೆ.