ಸಣ್ಣ ವಿಮಾನದ ಎಂಜಿನ್ ನಿರ್ವಹಣೆ: ಗಂಟೆಯ ಲೆಕ್ಕ, ತಿಂಗಳ ಲೆಕ್ಕ

ಸಣ್ಣ ಪಿಸ್ಟನ್ ವಿಮಾನದ ನಿರ್ವಹಣೆಯನ್ನು ಓದುವಾಗ ಮೊದಲು ಗಟ್ಟಿಮಾಡಿಕೊಳ್ಳಬೇಕಾದ ವಿಷಯ ಗಡುವು. ಹಲವು ಮುಖ್ಯ ಕೆಲಸಗಳಿಗೆ ಎರಡು ಲೆಕ್ಕ ಇರುತ್ತವೆ: ಹಾರಿದ ಗಂಟೆಗಳದ್ದೊಂದು, ಕಳೆದ ತಿಂಗಳುಗಳದ್ದೊಂದು. ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಫಿಲ್ಟರ್ ಇರುವ, ಲೈಕಮಿಂಗ್ ಕಂಪನಿಯ ಎಂಜಿನ್‌ಗೆ 50 ಗಂಟೆಗೆ ಅಥವಾ 4 ತಿಂಗಳಿಗೆ ಆಯಿಲ್ ಬದಲಿಸಬೇಕು. ಬರೀ ಜಾಲರಿ ಇದ್ದರೆ 25 ಗಂಟೆಗೇ.

ಹಾರದೆ ನಿಂತ ಎಂಜಿನ್‌ಗೆ ತಿಂಗಳ ಲೆಕ್ಕ ಯಾಕೆ? ಇಂಧನ ಉರಿದಾಗ ಹುಟ್ಟುವ ನೀರು ಮತ್ತು ಆಮ್ಲ ಸ್ವಲ್ಪ ಸ್ವಲ್ಪವಾಗಿ ಆಯಿಲ್‌ಗೆ ಸೇರುತ್ತವೆ. ಚೆನ್ನಾಗಿ ಹಾರಿದರೆ ಆಯಿಲ್ ಕಾದು ನೀರು ಆವಿಯಾಗಿ ಹೋಗುತ್ತದೆ. ನಿಲ್ಲಿಸಿಟ್ಟರೆ ಅಲ್ಲೇ ಉಳಿಯುತ್ತದೆ. ಲೈಕಮಿಂಗ್‌ನ ಬಹುತೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ನ ಮೇಲ್ಗಡೆ. ವಾರಗಟ್ಟಲೆ ನಿಂತರೆ ಅದರ ಮೇಲಿನ ಆಯಿಲ್ ಪದರ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ಮುಂದೆ ಎಂಜಿನ್ ಓಡಿದಾಗ ಆ ಒರಟು ಮೈ ಟ್ಯಾಪೆಟ್‌ನ (ಕ್ಯಾಮ್‌ನ ಒತ್ತನ್ನು ವಾಲ್ವ್ ಕಡೆ ದಾಟಿಸುವ ಭಾಗ) ಮುಖವನ್ನೇ ಸವೆಸುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದೂ ಪರಿಹಾರವಲ್ಲ. ಆಯಿಲ್ ಸಾಕಷ್ಟು ಕಾಯುವುದಿಲ್ಲ, ಹೊಸ ನೀರು ಮಾತ್ರ ಸೇರುತ್ತದೆ. ಹಾಗಾಗಿ ಕಡಿಮೆ ಗಂಟೆ ಹಾರಿದ ಎಂಜಿನ್ ಎಂದಾಕ್ಷಣ ಒಳ್ಳೆಯ ಎಂಜಿನ್ ಎಂದು ತೀರ್ಮಾನಿಸಬೇಡಿ.

ಆಯಿಲ್ ಬದಲಿಸಿದ ಮೇಲೆ ಹಳೆಯ ಫಿಲ್ಟರನ್ನು ಹಾಗೇ ಎಸೆಯಬಾರದು, ಕತ್ತರಿಸಿ ನೋಡಬೇಕು. ಇದಕ್ಕೆ ಫಿಲ್ಟರ್ ಕಟರ್ ಬೇಕು. ಹ್ಯಾಕ್‌ಸಾ ಬಳಸಿದರೆ ಗರಗಸದ ಪುಡಿಯೇ ಒಳಗೆ ಬಿದ್ದು ಗೊಂದಲವಾಗುತ್ತದೆ. ಮಡಿಕೆ ಮಡಿಕೆಯಾದ ಕಾಗದವನ್ನು ಬಿಡಿಸಿ, ಹರಡಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಿರಿ. ಮಿನುಗುವ ಚೂರು ಕಂಡರೆ ಆಯಸ್ಕಾಂತ ತನ್ನಿ. ಅಂಟಿಕೊಂಡರೆ ಉಕ್ಕು, ಅಂದರೆ ಕ್ಯಾಮ್, ಟ್ಯಾಪೆಟ್ ಅಥವಾ ಸಿಲಿಂಡರ್ ಗೋಡೆಯ ಕಡೆ ಅನುಮಾನ. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಂಚು ಇರಬಹುದು. ಹೊಸ ಎಂಜಿನ್‌ನಲ್ಲಿ ಒಂದಿಷ್ಟು ಸಣ್ಣ ಚೂರು ಸಹಜ. ಕಳೆದ ಸಲಕ್ಕಿಂತ ಹೆಚ್ಚಾಗಿದೆಯೇ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ.

ಕಂಪ್ರೆಷನ್ ಟೆಸ್ಟ್ ನನಗೆ ಈ ಪಾಠದಲ್ಲೇ ಅತಿ ಇಷ್ಟವಾದ ಭಾಗ. ಎಂಜಿನ್ ಬಿಸಿಯಿರುವಾಗಲೇ ಸಿಲಿಂಡರ್‌ಗೆ 80 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಕೊಟ್ಟು ಒಳಗೆ ಎಷ್ಟು ನಿಲ್ಲುತ್ತದೆ ಎಂದು ಅಳೆಯುತ್ತಾರೆ. 80ಕ್ಕೆ 72 ಎಂದು ಬಂದರೆ ಅಂಕಿ ಸಿಕ್ಕಿತು, ಆದರೆ ಉತ್ತರ ಇನ್ನೂ ಸಿಕ್ಕಿಲ್ಲ. ಸೋರಿದ ಗಾಳಿ ಎಲ್ಲಿ ಹೋಯಿತು? ಕಿವಿಗೊಡಬೇಕು. ಎಕ್ಸಾಸ್ಟ್ ಕೊಳವೆಯಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಕಡೆಯಿಂದ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್. ಮೂರರಲ್ಲಿ ನಾನು ಹೆಚ್ಚು ಹೆದರುವುದು ಎಕ್ಸಾಸ್ಟ್ ವಾಲ್ವ್‌ಗೆ. ಸುಟ್ಟ ವಾಲ್ವ್ ಮುರಿದರೆ ಹಾರಾಟದ ನಡುವೆಯೇ ಆ ಸಿಲಿಂಡರ್ ಕೈಕೊಡುತ್ತದೆ. ಅನುಮಾನವಿದ್ದರೆ ಸಿಲಿಂಡರ್ ಒಳಗೆ ಬೋರ್‌ಸ್ಕೋಪ್ ಎಂಬ ಸಪೂರ ಕ್ಯಾಮೆರಾ ಇಳಿಸಿ ನೋಡಬೇಕು. ವಾಲ್ವ್‌ನ ಅಂಚಿನ ಬಣ್ಣ ಸುತ್ತಲೂ ಒಂದೇ ಸಮ ಇಲ್ಲದೆ ಒಂದು ಕಡೆ ಮಾತ್ರ ಬೇರೆಯಾಗಿದ್ದರೆ ಅಲ್ಲಿ ಸೋರಿಕೆ ಶುರುವಾಗಿದೆ ಎಂದರ್ಥ. ಒಂದು ಎಚ್ಚರಿಕೆ: ಆ 80 ಪಿಎಸ್‌ಐ ಗಾಳಿ ಪ್ರೊಪೆಲ್ಲರನ್ನು ರಭಸದಿಂದ ತಿರುಗಿಸಬಲ್ಲದು. ಅದನ್ನು ಗಟ್ಟಿಯಾಗಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಎಂಜಿನ್‌ಗೆ ಎರಡಿರುತ್ತವೆ. ಮ್ಯಾಗ್ನೆಟೊಗೆ ಬ್ಯಾಟರಿ ಬೇಡ, ತಿರುಗಿದರೆ ಸಾಕು, ಕಿಡಿ ಕೊಡುತ್ತದೆ. ಸ್ವಿಚ್ ಆಫ್ ಮಾಡುವುದೆಂದರೆ ಪಿ-ಲೀಡ್ ಎಂಬ ತಂತಿಯ ಮೂಲಕ ಅದನ್ನು ಗ್ರೌಂಡ್ ಮಾಡುವುದು. ಆ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಕೈಯಿಂದ ತಿರುಗಿಸಿದ ಪ್ರೊಪೆಲ್ಲರ್ ಎಂಜಿನನ್ನು ಚಾಲೂ ಮಾಡಬಹುದು. ಸೆಸ್ನಾ 172ಎಸ್ ವಿಮಾನದ ಕೈಪಿಡಿಯಂತೆ 1800 ಆರ್‌ಪಿಎಂನಲ್ಲಿ ಒಂದೇ ಮ್ಯಾಗ್ನೆಟೊ ಮೇಲೆ ಓಡಿಸಿದಾಗ ವೇಗದ ಇಳಿಕೆ 150 ಆರ್‌ಪಿಎಂ ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಇಳಿಕೆಯೇ ಇಲ್ಲದಿದ್ದರೆ ಖುಷಿಪಡಬೇಡಿ, ಮೊದಲು ಪಿ-ಲೀಡ್ ನೋಡಿ.

ಸ್ಪಾರ್ಕ್ ಪ್ಲಗ್ ಸಿಲಿಂಡರ್‌ಗೆ ಎರಡೆರಡು. ಈ ವಿಮಾನಗಳ ಪೆಟ್ರೋಲಾದ 100ಎಲ್‌ಎಲ್‌ನಲ್ಲಿರುವ ಸೀಸ ಹೆಚ್ಚಾಗಿ ಕೆಳಗಿನ ಪ್ಲಗ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ಸ್ವಚ್ಛ ಮಾಡಿ ಮೇಲೆ ಕೆಳಗೆ ಅದಲುಬದಲು ಮಾಡುತ್ತಾರೆ. ಟೈರ್ ಗಾಳಿ, ಬ್ರೇಕ್ ಫ್ಲೂಯಿಡ್ ಇವೆಲ್ಲ ಕೈಪಿಡಿ ನೋಡಿ ಮಾಡುವ ನೇರ ಕೆಲಸಗಳು.

ಯಾರು ಯಾವ ಕೆಲಸ ಮಾಡಿ ಸಹಿ ಹಾಕಬಹುದು ಎಂಬುದನ್ನು ಆಯಾ ದೇಶದ ನಿಯಮ ಹೇಳುತ್ತದೆ. ಲಾಗ್‌ಬುಕ್‌ನಲ್ಲಿ ಮಾತ್ರ "ಕಂಪ್ರೆಷನ್ ಸರಿಯಿದೆ" ಎಂದಷ್ಟೇ ಬರೆಯಬೇಡಿ. ಪ್ರತಿ ಸಿಲಿಂಡರ್‌ನ ಅಂಕಿ, ಗಾಳಿ ಸೋರಿದ ಜಾಗ, ಫಿಲ್ಟರ್‌ನಲ್ಲಿ ಸಿಕ್ಕ ಚೂರು, ಆ ದಿನದ ಎಂಜಿನ್ ಗಂಟೆ, ನಾಲ್ಕನ್ನೂ ಬರೆಯಿರಿ.